ಏಳಕ್ಕೊಂದು ಅಡ್ಡಗೀಟು

ಸಾರೆಮಾ ದ್ವೀಪದಲ್ಲಿ ಜನವರಿ ಎಂದರೆ
ಬರಿಗೈಲಿ ಉಕ್ಕು ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ.
ಬೆಳಿಗ್ಗೆ ಎಂಟಾದರೂ ಕತ್ತಲು. ಹೀಟರು ಕೆಮ್ಮುತ್ತಿತ್ತು.
ಕೌಪೊ ಪೆಟ್ಟಿಗೆ ಬಿಚ್ಚಿದ:
ಮುದುಡಿದ ಕಾಗದದ ನಡುವೆ ಹೆಬ್ಬೆರಳು ಗಾತ್ರದ ಒಂದು ಕಂಟ,
ತುದಿಯಲ್ಲಿ ಕಾರ್ಬೈಡು, ಬಾಲಕ್ಕೆ ಗಾಳಿಯ ಕೊಳವೆ.
"ಇಷ್ಟೇನಾ?" ಎಂದಳು ಮೈಮು.

ಈ ಹಡಗುಕಟ್ಟೆಯ ತಗಡುಗಳಿಗೆಲ್ಲ
ಮೂವತ್ತೆರಡು ವರ್ಷ ಗುರುತು ಹಾಕಿದವಳು.
ಸೀಮೆಸುಣ್ಣ, ದಾರ, ಗೀರುಮೊಳೆ,
ಮಂಡಿಯ ಕೆಳಗೊಂದು ಹರಕು ದಿಂಬು.
ಮಂಡಿ ಸೋತಿದೆ, ಅದಕ್ಕೇ ಈ ಯಂತ್ರ
ಎಂದು ಯಾರೂ ಹೇಳಲಿಲ್ಲ.
ದಿಂಬನ್ನು ಮಾತ್ರ ಯಾರೋ ಒಗೆದು
ಹೀಟರಿನ ಮೇಲೆ ಒಣಹಾಕಿದ್ದರು.

ಟಾರ್ಚಿನ ಪಕ್ಕೆಗೆ ನಾಲ್ಕು ಬೋಲ್ಟು.
ಸುಡುವುದೂ ಬರೆಯುವುದೂ ಈಗ ಒಂದೇ ತೊಲೆಯ ಮೇಲೆ,
ಮುನಿಸಿಕೊಂಡ ಅಕ್ಕತಂಗಿಯರು ಒಂದೇ ಬೆಂಚಿನಲ್ಲಿ
ನಡುವೆ ಜಾಗ ಬಿಟ್ಟು ಕೂತ ಹಾಗೆ.
ಆ ಜಾಗ ಎಷ್ಟು ಅನ್ನುವುದೇ ಇವತ್ತಿನ ಕೆಲಸ.

ಟಾರ್ಚು ಒಂದು ತೂತು ಸುಟ್ಟಿತು.
ತೊಲೆ ಅಲುಗದ ಹಾಗೆ ಹಿಡಿದು
ಕಂಟದಿಂದ ಒಂದು ಚುಕ್ಕೆ ಕುಟ್ಟಿಸಿದೆ.
ವರ್ನಿಯರಿನ ದವಡೆಗೆ ಸಿಕ್ಕಿದ್ದು
ಎಂಬತ್ನಾಲ್ಕು ಪಾಯಿಂಟ್ ಎರಡು.
ಅಂಕಿ ತುಂಬಿದೆ, ಗುಂಡಿ ಒತ್ತಿದೆ.

ಕಂಟ ಬಹಳ ಶ್ರದ್ಧೆಯಿಂದ, ಟರ್ರೆನ್ನುತ್ತ,
ತಗಡಿನ ಅಂಚು ದಾಟಿ ಹೋಗಿ
ತೊಟ್ಟಿಯ ನೀರಿನ ಮೇಲೆ ಬರೆಯಿತು.
ನೀರ ಮೇಲಿನ ಬರಹ ಎನ್ನುವುದನ್ನು
ಕಣ್ಣಾರೆ ಕಂಡವರು ನಾವು ಮೂವರೇ ಇರಬೇಕು.
ಕಳೆಯುವ ಚಿಹ್ನೆ ಮರೆತಿದ್ದೆ.
ದಿಕ್ಕು ತಪ್ಪಿದ ತಪ್ಪು ಯಾವತ್ತೂ ಇಮ್ಮಡಿ:
ನೂರ ಅರವತ್ತೆಂಟು ಪಾಯಿಂಟ್ ನಾಲ್ಕು.
ಕೌಪೊ ನಗುವುದನ್ನು ಕೆಮ್ಮಿನಲ್ಲಿ ಮುಚ್ಚಿದ.

ಎರಡನೇ ಸಲ ಗಾಳಿ ಜಾಸ್ತಿಯಾಗಿ ತುದಿ ಮುರಿಯಿತು.
ಮೂರನೇ ಸಲ, ಊಟದ ಹೊತ್ತಿಗೆ,
ಬೂದು ಉಕ್ಕಿನ ಮೇಲೆ ಕೂದಲೆಳೆಯ ಬಿಳಿ ಗೆರೆ:
ಇಲ್ಲಿ ಬಾಗಬೇಕು, ಇಲ್ಲಿ ಬೆಸುಗೆ, ಇದು ಎಡಗಡೆ,
ಇದು ಪಕ್ಕೆಲುಬು ನಂಬರು ಹದಿನೇಳು.
ಮೊದಲು ಬರೆ, ಆಮೇಲೆ ಕತ್ತರಿಸು.
ಕತ್ತರಿಸಿದ್ದು ನೆಟ್ಟಗೆ ಮಲಗಿರುವುದಿಲ್ಲ,
ಹಣೆಬರಹಕ್ಕೆ ಆಮೇಲೆ ಹಣೆ ಸಿಗುವುದಿಲ್ಲ.

ಮೈಮು ಕನ್ನಡಕ ಹುಡುಕಲಿಲ್ಲ.
ಕೈಗವಸು ತೆಗೆದು ಬೆರಳಿನಿಂದ ಓದಿದಳು.
"ಇದು ಏಳೋ, ಒಂದೋ?"
ಏಳು, ಎಂದೆ.
"ತುಕ್ಕು ಹತ್ತಿದ ಮೇಲೆ?"
ನಾನು ಏನೂ ಹೇಳಲಿಲ್ಲ.
ಅವಳು ಏಪ್ರನ್ನಿನಿಂದ ಸುಣ್ಣದ ತುಂಡು ತೆಗೆದು
ಏಳರ ಸೊಂಟಕ್ಕೆ ಒಂದು ಅಡ್ಡಗೀಟು ಎಳೆದು
ಸೂಪು ಕುಡಿಯಲು ಹೋದಳು.

ಅಕ್ಷರಗಳ ಕಡತ ತೆರೆದೆ. ಏಳು ಎಂದರೆ
ಮೂರು ಬಿಂದು, ಎರಡು ಗೆರೆ, ಅಷ್ಟೇ.
ಇನ್ನೆರಡು ಬಿಂದು ಸೇರಿಸಿದೆ:
ಎತ್ತು, ಹಿಂದೆ ಬಾ, ಇಳಿ, ಗೀರು.

ಈಗ ಏಳು ಬಂದಾಗಲೆಲ್ಲ
ಕಂಟ ಅರೆಗಳಿಗೆ ಸುಮ್ಮನಾಗುತ್ತದೆ,
ಏನೋ ಮರೆತವರಂತೆ ಹಿಂದಿರುಗಿ
ಟರ್ರ್ ಎಂದು ಒಂದು ಚಿಕ್ಕ ಗೀಟು ಎಳೆಯುತ್ತದೆ.
ಮೈಮು ಕಿಟಕಿಯ ಬಳಿ ಕುರ್ಚಿಯಲ್ಲಿ,
ಹೆಪ್ಪುಗಟ್ಟಿದ ಕಡಲಿನ ಕಡೆಗೆ ಮುಖ.
"ನಾಲ್ಕು ಏಳು ಆಯಿತು," ಎಂದಳು ತಿರುಗದೆ.
"ಐದಿರಬೇಕಲ್ಲ?"

ಪಟ್ಟಿ ನೋಡಿದೆ.
ಮೂವತ್ತೇಳನ್ನು ನಾನು ಮೇಜಿಗೇ ಹಾಕಿರಲಿಲ್ಲ.