ಅರವತ್ತು ದಿನದೊಳಗೆ

ತಿಂಗಳ ಮೊದಲ ಶುಕ್ರವಾರ
ಕಚೇರಿಯ ಸುದ್ದಿಪತ್ರ ಹೊರಡಬೇಕು.
ಇಪ್ಪತ್ತಾರು ವರ್ಷದಿಂದ ಅದನ್ನು ಜೋಡಿಸುವವಳು ನಾನು,
ಓಡೆಟ್ ಲಬೀನ್. ವಕೀಲೆಯಲ್ಲ,
ವಕೀಲರ ಅಲ್ಪವಿರಾಮಗಳನ್ನು ತಿದ್ದುವವಳು.

ಈ ಸಲದ ಸುದ್ದಿ:
ಡ್ರಿಸ್ಕಲ್ ಮತ್ತು ಪೆಲ್ಟೊನೆನ್ ಕಚೇರಿಗೆ
ಹೊಸ ಪಾಲುದಾರಳಾಗಿ ತಾಲಿನ್ ಬೊಗೊಸಿಯನ್.
ಫೋಟೋದಲ್ಲಿ ಅವಳ ಹಿಂದಿರುವ ಗಿಡ ಪ್ಲಾಸ್ಟಿಕ್ಕಿನದು,
ಅದರ ದೂಳು ಒರೆಸಿದ್ದು ನಾನೇ.
ಹಿರಿಯ ಪೆಲ್ಟೊನೆನ್ ನಿವೃತ್ತರಾದರು ಎಂದು ಬರೆಯಬೇಕು,
ಆದರೆ ದಿನಾ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ,
ಹಾಗಾಗಿ "ಸಲಹೆಗಾರರಾಗಿ ಮುಂದುವರಿಯುವರು".
ಗಣಿಯ ಹಳೆಯ ಸುರಂಗದೊಳಕ್ಕೆ ಕುಸಿದ ಗ್ಯಾರೇಜಿನ ದಾವೆ
ರಾಜಿಯಲ್ಲಿ ಮುಗಿಯಿತು. ಮೊತ್ತ ಗುಟ್ಟು.
(ಟೈಪು ಮಾಡಿದವಳಿಗೆ ಗೊತ್ತು. ಹೇಳಲಾರಳು.)

ಎರಡನೆಯ ಪುಟದ ಕೆಳಗೆ ಕಾನೂನಿನ ಅಂಕಣ.
ಬೇರೆಯವರ ಜಾಗದಲ್ಲಿ ಹಿಮದ ಮೇಲೆ ಜಾರಿ ಬಿದ್ದವರು
ಅರವತ್ತು ದಿನದೊಳಗೆ ಬರೆದು ತಿಳಿಸಬೇಕು:
ದಿನ, ಹೊತ್ತು, ಜಾಗ.
ತಿಳಿಸದಿದ್ದರೆ ದಾವೆ ಬಿದ್ದುಹೋಗಬಹುದು.

ಈ ಕಸುಬಿನ ತುಂಬ ಬರೀ ಬೀಳುವುದೇ.
ಹಿಮ ಬೀಳುತ್ತದೆ, ಸಹಿ ಬೀಳುತ್ತದೆ,
ಮೊಹರು ಬೀಳುತ್ತದೆ, ದಂಡ ಬೀಳುತ್ತದೆ,
ದಾವೆಯೂ ಬೀಳುತ್ತದೆ ಮನುಷ್ಯರ ಹಾಗೆ,
ಆದರೆ ದಾವೆಗೆ ಮಂಡಿಯಿಲ್ಲ.

ನಾನು ಬಿದ್ದದ್ದು ಜನವರಿ ಏಳು, ಬುಧವಾರ,
ಎಂಟಕ್ಕೆ ಹತ್ತು ನಿಮಿಷ ಇರುವಾಗ,
ಇದೇ ಕಚೇರಿಯ ಮೂರನೆಯ ಮೆಟ್ಟಿಲ ಮೇಲೆ.
ಕೈಯಲ್ಲಿ ನಾಲ್ಕು ಕಾಫಿ, ಒಂದೂ ನನ್ನದಲ್ಲ.
ಉಪ್ಪು ಎರಚಿರಲಿಲ್ಲ. ಉಪ್ಪಿನ ಚೀಲ
ಬಾಗಿಲ ಒಳಗೆ ಬೆಚ್ಚಗೆ
ಬೀಗರ ಹಾಗೆ ಕೂತಿತ್ತು.
ಮಂಜುಗಡ್ಡೆಯ ಮೇಲೆ ಕಾಫಿ ಕಂದು ನಕಾಶೆ ಬರೆಯಿತು,
ಮಧ್ಯಾಹ್ನದೊಳಗೆ ಅದರ ಮೇಲೂ ಹಿಮ.

ಹಿರಿಯ ಪೆಲ್ಟೊನೆನ್ ಓಡಿ ಬಂದು ಕೈ ಕೊಟ್ಟರು,
ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ.
"ಏನೂ ಆಗಲಿಲ್ಲ ತಾನೆ, ಓಡೆಟ್?"
ಅದು ಪ್ರಶ್ನೆಯಲ್ಲ,
ಸಾಕ್ಷಿಯ ಬಾಯಿಗೆ ಉತ್ತರ ಇಡುವ ಹಳೆಯ ಅಭ್ಯಾಸ.
"ಏನೂ ಆಗಲಿಲ್ಲ" ಅಂದೆ.
ಏನೂ ಆಗದ ಮಂಡಿ ಅಂದಿನಿಂದ
ರಾತ್ರಿ ಮೂರಕ್ಕೆ ಏಳುತ್ತದೆ,
ಒಬ್ಬಳೇ ಯಾಕೆ ಎಂದು ನನ್ನನ್ನೂ ಎಬ್ಬಿಸುತ್ತದೆ.

ಇವತ್ತು ಮಾರ್ಚ್ ಆರು.
ಬೆರಳು ಮಡಿಚಿ ಎಣಿಸಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ,
ಆಮೇಲೆ ಕಕ್ಷಿದಾರರ ಗಡುವು ಕಾಯುವ ಕಂಪ್ಯೂಟರಿನಲ್ಲಿ.
ಐವತ್ತೆಂಟು.

ಅಪ್ಪ ನಿಕ್ಕಲ್ ಗಣಿಯಲ್ಲಿ ಎರಡು ಬೆರಳು ಬಿಟ್ಟು ಬಂದವನು.
ಯಾರಿಗೂ ಒಂದು ಸಾಲು ಬರೆಯಲಿಲ್ಲ.
ಬರೆಯುವ ಕೈಯೇ ಅದಾಗಿತ್ತು ಎನ್ನುತ್ತಿದ್ದ, ನಗುತ್ತಿದ್ದ.
ಉಂಡ ಮನೆಯ ಗಳ ಎಣಿಸಬಾರದು, ನಿಜ.
ನಾನು ಎಣಿಸುತ್ತಿರುವುದು ಗಳವಲ್ಲ, ದಿನ.

ಕಿಟಕಿಯಾಚೆ ಸಡ್ಬರಿಯ ಕಪ್ಪು ಬಂಡೆಗಳಿಂದ
ಹಿಮ ಹಿಂದೆ ಸರಿಯುತ್ತಿದೆ,
ಹೇಳಿಕೆ ಬದಲಿಸುವ ಸಾಕ್ಷಿಯಂತೆ.
ಕೆರೆಯ ಮೇಲಿನ ಮೀನುಗಾರರ ಗುಡಿಸಲುಗಳನ್ನು
ಒಂದೊಂದಾಗಿ ದಡಕ್ಕೆ ಎಳೆಯುತ್ತಿದ್ದಾರೆ.
ಮೂರನೆಯ ಮೆಟ್ಟಿಲು ಒಣಗಿ
ನಾನೊಂದೂ ಅರಿಯೆ ಎನ್ನುವ ಮುಖ ಮಾಡಿದೆ.

ಪತ್ರ ಹನ್ನೊಂದು ಸಾಲು.
ಇಂಥದ್ದನ್ನು ಬೇರೆಯವರಿಗಾಗಿ ನೂರು ಸಲ ಬರೆದಿದ್ದೇನೆ,
ಹೆಸರಿನ ಜಾಗದಲ್ಲಿ ಮಾತ್ರ ಬೆರಳು ತಡವರಿಸಿತು.
ಲಕೋಟೆಗೆ ಹಾಕಿ, ಅಂಟಿಸಿ,
ಬಂದ ಟಪಾಲಿನ ಬುಟ್ಟಿಯಲ್ಲಿ ಇಟ್ಟೆ.
ಟಪಾಲು ಒಡೆಯುವವಳು ನಾನೇ ಆದ್ದರಿಂದ
ಒಡೆದೆ, ಓದಿದೆ.
ಒಂದು ಅಲ್ಪವಿರಾಮ ತಪ್ಪಿತ್ತು. ಬಿಟ್ಟೆ.
ಸ್ವೀಕರಿಸಲಾಗಿದೆ ಎಂಬ ಮೊಹರು
ಧಡ್ ಎಂದು ಬಿತ್ತು.

ಹಿರಿಯ ಪೆಲ್ಟೊನೆನ್ ಬೂಟು ಕೊಡವುತ್ತ ಒಳಬಂದರು.
"ಸುದ್ದಿಪತ್ರ ಹೊರಟಿತೇ?"
"ಹೊರಟಿತು."
"ಏನಾದರೂ ವಿಶೇಷ?"
"ಎರಡನೆಯ ಪುಟ ಓದಿ" ಅಂದೆ,
"ಆಮೇಲೆ ನಿಮ್ಮ ಟಪಾಲು."