ತೂಕಕ್ಕ ಬರಲಿಲ್ಲ

ಕನ್ನಡಿ ಹಿಂದಿನ ಮಾಡದಾಗ
ಒಂದು ವರ್ಷದ ಕೂದಲ ಕೂಡಿಸಿಟ್ಟಿದ್ದೆ,
ಹಣಿಗಿಯಿಂದ ಬಿಡಿಸಿ, ಬೆರಳಿಗೆ ಸುತ್ತಿ,
ಥೂ ಅಂದು ಉಂಡಿ ಮಾಡಿ.
ಅವ್ವ ಕಲಿಸಿದ್ದು: ಹಾದಿಗೆ ಒಗೀಬ್ಯಾಡ,
ತುಳಿದವರಿಗೂ ಜಗಳ, ಒಗೆದವರಿಗೂ ಜಗಳ.

ಗುಳೇದಗುಡ್ಡದ ನಮ್ಮ ಓಣಿಯೊಳಗ
ಮಗ್ಗದ ಸಪ್ಪಳ ಈಗ ನಾಕ ಮನಿಯಾಗ ಉಳದೈತಿ.
ಆ ಸಪ್ಪಳದ ನಡುವ
ಹುಲಿಗೆವ್ವನ ದನಿ ಬರೋಬ್ಬರಿ ಹೊಂದತೈತಿ:
"ಕೂದಲಾ... ಕೂದಲ ಕೊಟ್ಟ ಪಿನ್ನಾ... ಬಟ್ಟಲಾ..."

ಚೊಚ್ಚಲ ಬಾಣಂತನದಾಗ ಉದುರಿದ ಕೂದಲಕ್ಕ
ಇವಳ ಅತ್ತಿ ಕೊಟ್ಟಿದ್ಲು ಒಂದು ಸ್ಟೀಲ ಬಟ್ಟಲ.
ಇವತ್ತಿಗೂ ಅದರಾಗ ಶೇಂಗಾ ಹಿಂಡಿ ಇರತೈತಿ.
ತಿನ್ನೋರಿಗೆ ನಾ ಹೇಳಿಲ್ಲ
ಅದು ಯಾತರ ಬಟ್ಟಲ ಅಂತ.

ಆಗ ಜಡಿ ಅಂದ್ರ ಜಡಿ.
ಎರಕೊಂಡ ದಿನ ಒಣಗಸಾಕ ಮಧ್ಯಾಹ್ನ ಪೂರಾ ಬೇಕು.
ಹಗ್ಗದ ಹೊರಸಿನ ಮ್ಯಾಲ ಅಡ್ಡ ಬಿದ್ದು
ಕೂದಲ ಇಳಿಬಿಟ್ಟರ
ನೆಗೆಣ್ಣಿ ಸುಗಲಾ ಕೆಳಗ ಲೋಬಾನ ಹಿಡೀತಿದ್ಲು,
ಬೈಕೋತ: "ನಿನ್ನೊಬ್ಬಾಕಿ ತಲಿಗೆ
ಇಡೀ ಮನಿ ಸೀಗಿಕಾಯಿ."

ಬೈತಲಿ ಮೊದಲ ಇರುವಿ ಹಾದಿ.
ಆಮ್ಯಾಲ ಕಾಲಹಾದಿ, ಗಾಡಿಹಾದಿ.
ಹೋದ ದೀಪಾವಳಿಗೆ ಎರಡು ಕನ್ನಡಿ ಹಿಡಕೊಂಡ ನೋಡಿದ್ರ
ನೆತ್ತಿ ಮ್ಯಾಲ ಸಾಲಿ ಮೈದಾನ.
ಅರವತ್ತಮೂರು ವರ್ಷ ಬಿಸಿಲ ಕಾಣದ ಜಾಗ.
ಅಂಗಳಕ್ಕ ಬಂದ್ರ ಈಗ ಚುರ್ ಅಂತೈತಿ.

ಏನೇನ ಹಚ್ಚಲಿಲ್ಲ.
ಉಳ್ಳಾಗಡ್ಡಿ ರಸ ಹಚ್ಚಿದ ವಾರ
ಮೊಮ್ಮಗಳು ಮಗ್ಗಲದಾಗ ಮಲಗಲಿಲ್ಲ.
ಬಾಗಲಕೋಟಿ ಡಾಕ್ಟರ ರಕ್ತ ನೋಡಿ, ಥೈರಾಯ್ಡ್ ನೋಡಿ
"ವಯಸ್ಸು ಆಯ್ತಲ್ಲಮ್ಮಾ" ಅಂದು ಐನೂರ ತಗೊಂಡ್ರು.
ಸೊಸಿ ತಂದಳು ಒಂದು ಚೌರಿ, ಕಪ್ಪಗ, ಮಿರಿಮಿರಿ.
ಸಿಗಿಸ್ಕೊಂಡು ಲಗ್ನಕ್ಕ ಹೋದೆ.
ಪಂಕ್ತಿಯಾಗ ಬಗ್ಗಿದ್ರ ಎಲ್ಲಿ ಸಾರಿನಾಗ ಬೀಳತೈತೋ ಅಂತ
ಹೋಳಗಿ ರುಚಿನ ಗೊತ್ತಾಗಲಿಲ್ಲ.

ನಮ್ಮವರ ತಲಿ ಮೂವತ್ತ ವರ್ಷದಿಂದ ಬೋಳು.
ಯಾರೂ ಕೇಳಿಲ್ಲ, "ಯಾಕ್ರಿ, ಏನಾತು?" ಅಂತ.
ಟಾವೆಲ್ಲಿನಿಂದ ಒಂದ ಸುತ್ತ ಒರೆಸ್ಕೋತಾರ,
ಗಡಗಿ ಒರೆಸಿದಂಗ. ಮುಗೀತು.
ನನಗ ಕೇಳದವರು ಯಾರದಾರ?
ಹೂವಿನ ರುದ್ರವ್ವ ಸುದ್ದಾ
ಮೊಳ ಅಳಿಯೋಕಿನ್ನ ಮೊದಲ ನನ್ನ ತಲಿ ನೋಡಿ
ತಾನ ಗೇಣು ಹರದ ಕೊಡತಾಳ.

ಅತ್ತಿ ಇದ್ದಾಗ "ತಲಿ ಮ್ಯಾಲ ಸೆರಗ" ಅಂದ್ರ
ಉರದ ಬೀಳತಿದ್ದೆ. ಬೇಕಂತನ ಜಾರಸತಿದ್ದೆ.
ಈಗ ಹೇಳೋರಿಲ್ಲ, ನಾನ ಹೊದಕೋತೀನಿ.
ಗೆದ್ದಿ ಬಿಡಬೇ.

ಹುಲಿಗೆವ್ವ ಕಟ್ಟಿಗೆ ಕುಂತು ತಕ್ಕಡಿ ಎತ್ತಿದಳು.
ಉಂಡಿ ಇಟ್ಟರ ಮುಳ್ಳು ಅಲಗಾಡಲಿಲ್ಲ.
ಬೆರಳಾಗ ಬಿಡಿಸಿ, ಬೆಳಕಿಗೆ ಹಿಡಿದು
"ಬಿಳೀದೈತಬೇ. ಗಿಡ್ಡ ಬ್ಯಾರೆ.
ಭಾಗ್ಯನಗರದಾಗ ಇದನ್ನ ತಗೊಳ್ಳಂಗಿಲ್ಲ" ಅಂದಳು,
ಬೈದಂಗಲ್ಲ, ಜ್ವಾಳದ ರೇಟು ಹೇಳಿದಂಗ.
ನನಗ್ಯಾಕೋ ನಗಿ ಬಂತು.
ಅಕಿಗೂ ಬಂತು.
ಬುಟ್ಟಿ ಕೆಳಗಿನ ಸಿಂಬಿ ತಗದು ತಲಿ ಬಗ್ಗಿಸಿದಳು:
ನಡುನೆತ್ತಿ ಸವದು ಹಪ್ಪಳದಷ್ಟು ಅಗಲ.
"ಊರಮಂದಿ ಕೂದಲ ಹೊತ್ತ ಹೊತ್ತ
ನಂದ ಹೋತ ನೋಡ."

ಎರಡು ಚರಗಿ ನೀರು ಕುಡದಳು.
ಬ್ಯಾಡಂದ ಉಂಡಿ ಆದ್ರೂ ಒಯ್ದಳು,
ಎರಡು ಪಿನ್ನು ಕೊಟ್ಟಳು.

ನನ್ನ ತುರುಬಿಗೆ ಅವೂ ನಿಲ್ಲಲಿಲ್ಲ.
ಒಂದು ಬಚ್ಚಲದಾಗ ಬಿತ್ತು.
ಇನ್ನೊಂದರಿಂದ
ಗ್ಯಾಸ ಒಲಿಯ ಕಟ್ಟಿದ ಕಣ್ಣು ಚುಚ್ಚಿ ಚುಚ್ಚಿ ತಗದೆ.
ಯುಗಾದಿಯಿಂದ ಒಂದ ಮಗ್ಗಲ ಉರೀತಿದ್ದ ಒಲಿ
ಸುತ್ತೂ ಹತ್ತಿತು, ನೀಲಿ.
ರೊಟ್ಟಿ ಉಬ್ಬಿತು.
ಸೆರಗ ಕಿವಿ ಹಿಂದ ಸಿಗಿಸಿ
ಇನ್ನೊಂದು ಬಡಿದೆ.