ವಾಲಗ ಮಾತ್ರ ಕೇಳುತ್ತಿತ್ತು

ಕೊಡಗೆಂದರೆ ತಂಪು ಅನ್ನುವವರು
ಏಪ್ರಿಲ್ಲಿನಲ್ಲೊಮ್ಮೆ ಕುಶಾಲನಗರಕ್ಕೆ ಬರಲಿ,
ಕಾಫಿ ಕ್ಯೂರಿಂಗಿನ ಗೋಡೆಗೆ ಬೆನ್ನು ಕೊಟ್ಟ
ಈ ತಗಡಿನ ಮಾಡಿನ ಕೋಣೆಯಲ್ಲಿ
ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಲಿ.

ಮದುವೆ ವಿಡಿಯೊ ಕತ್ತರಿಸಿ ಜೋಡಿಸುವುದು ನನ್ನ ಕಸುಬು.
ಬೋಜಮ್ಮನ ಮದುವೆ, ಮೂರನೇ ಕ್ಯಾಮೆರಾ, ಗಂಗಾಪೂಜೆ:
ತಲೆಯ ಮೇಲೆ ನೀರಿನ ಕೊಡ ಹೊತ್ತು
ಬಾವಿಯಿಂದ ಹೊರಟು ಹನ್ನೊಂದು ಹೆಜ್ಜೆ.
ಎದುರಿಗೆ ನೆಂಟರು ದಾರಿ ಕಟ್ಟಿ ಕುಣಿಯುತ್ತಾರೆ.
ಹನ್ನೆರಡನೆಯದಕ್ಕೆ ಆಕೆ ಕಾಲೆತ್ತುವಾಗ
ಪರದೆ ಕಪ್ಪು.
‘ನೋ ಸಿಗ್ನಲ್’ ಅನ್ನುವ ಪುಟ್ಟ ಪೆಟ್ಟಿಗೆಯೊಂದು
ಅಂಚಿನಿಂದ ಅಂಚಿಗೆ ತೇಲುತ್ತದೆ,
ಡಬ್ಬದೊಳಗೆ ಫ್ಯಾನು ಹುಚ್ಚೆದ್ದು ಕಿರುಚುತ್ತದೆ,
ಸ್ಪೀಕರಿನಲ್ಲಿ ವಾಲಗ ಮಾತ್ರ ನಿಲ್ಲುವುದಿಲ್ಲ.
ಕುಣಿಯುವವರಿಗೆ ಕತ್ತಲಾದದ್ದು ಗೊತ್ತೇ ಇಲ್ಲ.

ಮೊದಲು ಕೇಬಲ್ಲನ್ನು ಬೈದೆ. ಕಿತ್ತೆ, ಚುಚ್ಚಿದೆ.
ಕೆಳಗಿನ ಝೆರಾಕ್ಸ್ ಅಂಗಡಿಯ ಮಾನಿಟರ್ ಹೊತ್ತು ತಂದೆ,
ಅದೂ ಕಪ್ಪು.
ಡ್ರೈವರ್ ಅಳಿಸಿ ಹಳೆಯದನ್ನೇ ಹಾಕಿದೆ,
ರ‍್ಯಾಮ್ ಕಡ್ಡಿಯ ಹೊಂಬಣ್ಣದ ಹಲ್ಲುಗಳನ್ನು
ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ.
ಕೊನೆಗೆ ತಾಪದ ಅಂಕಿಯನ್ನು ಮೂಲೆಯಲ್ಲಿ ತೆರೆದಿಟ್ಟು ಕಾದೆ.
ಅರವತ್ತೆರಡು. ಎಪ್ಪತ್ತೊಂಬತ್ತು.
ಕುಣಿತಕ್ಕೆ ಇನ್ನೊಬ್ಬ ಮಾವ ಸೇರಿಕೊಂಡ, ಎಂಬತ್ತೆಂಟು.
ತೊಂಬತ್ತೇಳಕ್ಕೆ ಹನ್ನೆರಡನೇ ಹೆಜ್ಜೆ.
ಕಪ್ಪು.

ಹೀಗೆ ಏಳು ಸಲ.
ಏಳನೆಯ ಸಲ ಕಂಡಿತು
ಕೊಡ ಹಿಡಿದ ಕೈಯ ಬಳೆಗಳು ಸಣ್ಣಗೆ ನಡುಗುವುದು,
ಚಿಕ್ಕಮ್ಮನೊಬ್ಬಳು ಚೌಕಟ್ಟಿನ ಅಂಚಿನಿಂದ ಕೈ ಚಾಚಿ
ಅವಳ ಮೇಲ್ದುಟಿಯ ಬೆವರನ್ನು
ಕರವಸ್ತ್ರದಲ್ಲಿ ಒತ್ತಿ ಸರಿಯುವುದು.

ಗುಡ್ಡೆಹೊಸೂರಿನಿಂದ ಹಂಝ ಬಂದ ಸ್ಕೂಟರಿನಲ್ಲಿ.
‘ಇದರ ಹೊಟ್ಟೆ ಬಿಚ್ಚಿ ಎಷ್ಟು ದಿನವಾಯ್ತಕ್ಕ?’
ಎಣಿಸಿದೆ. ಎರಡು ಕಾಫಿ ಕುಯ್ಲು.
ಸ್ಕ್ರೂ ಬಿಚ್ಚಿದ, ಪಕ್ಕದ ತಗಡು ಸರಿಸಿದ,
ಹಬೆಪಾತ್ರೆಯಿಂದ ಕಡಂಬಿಟ್ಟು ಇಳಿಸುವ ಹಾಗೆ
ಗ್ರಾಫಿಕ್ಸ್ ಕಾರ್ಡನ್ನು ಎರಡು ಕೈಯಲ್ಲಿ ಎತ್ತಿಕೊಂಡ.
ಅದರ ಪಕ್ಕೆಲುಬಿನ ಸಂದಿಸಂದಿಯಲ್ಲೂ
ಗೋಡೆಯಾಚೆಯಿಂದ ಹಾರಿ ಬಂದ ಕಾಫಿ ಹೊಟ್ಟು.
ಉಸಿರು ತಾಗಿದರೆ ಏಳುವಷ್ಟು ಹಗುರ,
ಹಾಸಿಗೆ ಹತ್ತಿಯಂತೆ ಒತ್ತೊತ್ತಾಗಿ.
ಎರಡರಲ್ಲೊಂದು ಫ್ಯಾನು ತಿರುಗುತ್ತಲೇ ಇರಲಿಲ್ಲ.
ಕಿರುಚುತ್ತಿದ್ದದ್ದು ಇನ್ನೊಂದು,
ಒಂಟಿಯಾಗಿ, ಇಬ್ಬರ ಪಾಲಿನದನ್ನು.

‘ಊರಿಗೆಲ್ಲ ಕಾಫಿ, ನಿಮಗೆ ಹೊಟ್ಟು’ ಅಂದ.

ಬ್ಲೋವರ್ ಹಿಡಿದ, ಕೋಣೆ ತುಂಬ ಬಂಗಾರ ಹಾರಿತು.
ಚಿಪ್ಪಿನ ಮೇಲಿನ ಪೇಸ್ಟು ಒಣಗಿ ಬಿರಿದ ಗೋಡೆಸುಣ್ಣ,
ಸ್ಪಿರಿಟ್ಟಿನಲ್ಲಿ ಒರೆಸಿ
ಹೊಸದನ್ನು ಒಳ್ಳೆಮೆಣಸಿನ ಕಾಳಿನಷ್ಟು ಇಟ್ಟ.
‘ಇಷ್ಟೇ ಸಾಕಾ?’
‘ಜಾಸ್ತಿಯಾದ್ರೆ ಅದೇ ಕಂಬಳಿಯಾಗ್ತದೆ.’
ನಿಂತ ಫ್ಯಾನಿನ ನಡುವಿಗೆ ಹೊಲಿಗೆ ಯಂತ್ರದ ಎಣ್ಣೆ, ಒಂದು ಹನಿ.
ಬೆರಳಲ್ಲಿ ದೂಡಿದ. ಅರ್ಧ ಸುತ್ತು, ನಿಂತಿತು.
ಮತ್ತೆ ದೂಡಿದ. ಒಂದು ಸುತ್ತು, ಕಿರ್ರ್, ನಿಂತಿತು.
ಚಹಾ ಬಂತು, ಆರಿತು.
ಕ್ಯೂರಿಂಗಿನ ಸೈರನ್ ಕೂಗಿ ಹೆಂಗಸರು ಮನೆಗೆ ಹೊರಟರು.
ಆಗ ತಿರುಗಿತು.

ಎಪ್ಪತ್ತೊಂದಕ್ಕೆ ಬಂದು ಅಂಕಿ ಅಲ್ಲೇ ಕೂತಿತು.
ಹನ್ನೆರಡನೇ ಹೆಜ್ಜೆಯಲ್ಲಿ ಏನೂ ಆಗಲಿಲ್ಲ,
ಕಾಲು ನೆಲಕ್ಕೆ ಬಂತು, ಅಷ್ಟೆ.
ಹಂಝ ಮುನ್ನೂರು ಎಣಿಸಿಕೊಂಡು,
‘ವೋಲ್ಟೇಜು ನೋಡ್ಕೊಳ್ಳಿ’ ಅಂದು ಇಳಿದುಹೋದ.

ಮದುವೆಯವರ ಚೀಟಿ ಇನ್ನೂ ಮಾನಿಟರಿಗೆ ಅಂಟಿದೆ:
ಗಂಗಾಪೂಜೆ ಉದ್ದ, ಮೂರು ನಿಮಿಷ ಸಾಕು.
ಒಂದು ಗಂಟೆ ನಲವತ್ತು ನಿಮಿಷ ನಿಂತಿದ್ದಾಳೆ ಹುಡುಗಿ,
ಕೊಡ ತುಳುಕಿಸದೆ.
ಮೂರಕ್ಕೆ ಇಳಿಸಿದೆ. ಮಾವಂದಿರು ಹೋದರು,
ಬ್ರಾಂದಿ ಬಾಟಲಿ ಹೋಯಿತು,
ಕರವಸ್ತ್ರದ ನಾಲ್ಕು ಸೆಕೆಂಡು ಉಳಿಯಿತು.
ಅದನ್ನು ಯಾರೂ ಕೇಳಿರಲಿಲ್ಲ.

ಕಿಟಕಿ ತೆರೆದರೆ ಹೊಟ್ಟು, ಮುಚ್ಚಿದರೆ ಸೆಕೆ.
ಅರ್ಧ ತೆರೆದು, ರೆಂಡರಿಗೆ ಹಾಕಿ,
ತಣ್ಣಗಾದ ಚಹಾ ಕುಡಿಯುತ್ತ ಕೂತೆ.